ಲಿತ್‌ಗೋ ಊರಿನ ಹೆಸರಿನ ಹಿಂದಿರುವ ಲೆಕ್ಕಿಗ

ಸಿಡ್ನಿಯಿಂದ ಹೊರಟ ರೈಲು ಬ್ಲೂ ಮೌಂಟನ್ಸ್ ಬೆಟ್ಟಸಾಲನ್ನು ದಾಟಿ ಆಚೆಯ ಕಣಿವೆಗೆ ಇಳಿದಾಗ ಸಿಗುವ ಊರು ಲಿತ್‌ಗೋ. ಕಲ್ಲಿದ್ದಲಿಗೂ, 1900ರಲ್ಲಿ ಇಲ್ಲಿ ತಯಾರಾದ ಆಸ್ಟ್ರೇಲಿಯಾದ ಮೊದಲ ಉಕ್ಕಿಗೂ ಹೆಸರಾದ ಊರು ಇದು. ಲೆಕ್ಕಪತ್ರದ ಕೆಲಸವನ್ನೇ ನಂಬಿ ಇಲ್ಲಿ ಬದುಕುತ್ತಿರುವ ನನಗೆ ಮಾತ್ರ, ಯಾರ ಹೆಸರನ್ನು ಇದಕ್ಕೆ ಇಟ್ಟರೋ ಆ ಮನುಷ್ಯನ ಮೇಲೆಯೇ ಹೆಚ್ಚು ಕುತೂಹಲ.

ವಿಲಿಯಂ ಲಿತ್‌ಗೋ ಸ್ಕಾಟ್ಲೆಂಡಿನಲ್ಲಿ 1784ರಲ್ಲಿ ಹುಟ್ಟಿದ. ಎಡಿನ್‌ಬರೋದಲ್ಲಿ ಓದಿ, ಚರ್ಚಿನಲ್ಲಿ ಉಪದೇಶ ಮಾಡುವ ಅರ್ಹತೆಯನ್ನೂ ಪಡೆದ. ಆದರೆ ಹಿಡಿದದ್ದು ಬ್ರಿಟಿಷ್ ಸೇನೆಯ ಸರಬರಾಜು ಇಲಾಖೆಯ ಲೆಕ್ಕದ ಕೆಲಸ. ಉತ್ತರ ಸಮುದ್ರದ ಹೆಲಿಗೋಲ್ಯಾಂಡ್ ದ್ವೀಪ, ಮಾರಿಷಸ್ ಸುತ್ತಿ 1824ರಲ್ಲಿ ಸಿಡ್ನಿಗೆ ಬಂದ. ಅದೇ ವರ್ಷ, ಸಿಡ್ನಿ ಸೇರಿದ್ದ ನ್ಯೂ ಸೌತ್ ವೇಲ್ಸ್ ವಸಾಹತಿನ ಲೆಕ್ಕ ತನಿಖೆಯ ಹೊಣೆ ಆತನ ಹೆಗಲೇರಿತು. 1852ರಲ್ಲಿ ನಿವೃತ್ತನಾಗುವವರೆಗೂ ಇಳಿಯಲಿಲ್ಲ.

ಆ ಲೆಕ್ಕ ಎಂಥದ್ದು! ಕೈದಿಗಳನ್ನು ತಂದಿಳಿಸಿದ ನೆಲದಲ್ಲಿ ಮೊದಮೊದಲು ನಾಣ್ಯಕ್ಕೇ ಬರ. ರಮ್ ಹಣವಾಗಿ ಓಡಾಡಿತು. ರೈತ ಸರ್ಕಾರಿ ಉಗ್ರಾಣಕ್ಕೆ ಗೋಧಿ ಹಾಕಿದರೆ ಸಿಗುತ್ತಿದ್ದ ರಸೀದಿಯೇ ಕೈಯಿಂದ ಕೈಗೆ ಸಾಗಿ ಕೊನೆಗೆ ಲಂಡನ್ನಿನ ಖಜಾನೆ ಹಣ ಕೊಡಬೇಕೆಂಬ ಪತ್ರ, ಅಂದರೆ ಹುಂಡಿಯಾಗುತ್ತಿತ್ತು. 1812ರಲ್ಲಿ 40,000 ಸ್ಪ್ಯಾನಿಷ್ ಡಾಲರ್‌ಗಳು ಹಡಗಿನಲ್ಲಿ ಬಂದವು, ಅದೂ ನಮ್ಮ ಮದರಾಸಿನಿಂದ. ಅವು ಮತ್ತೆ ಹೊರದೇಶಕ್ಕೆ ಹೋಗದಿರಲೆಂದು ಗವರ್ನರ್ ಮಕ್ವಾರಿ, ಖೋಟಾ ನಾಣ್ಯದ ಅಪರಾಧಕ್ಕೆ ಗಡಿಪಾರಾಗಿದ್ದ ಹೆನ್‌ಶಲ್ ಎಂಬ ಕೈದಿಯಿಂದಲೇ ಅವುಗಳ ನಡುಭಾಗವನ್ನು ಕತ್ತರಿಸಿ ತೆಗೆಸಿದ. ಸುತ್ತಿನ ಬಳೆಗೆ 5 ಶಿಲಿಂಗ್, ಒಳಗಿನ ಬಿಲ್ಲೆಗೆ 15 ಪೆನ್ಸ್. ವಸ್ತುಸಂಗ್ರಹಾಲಯದ ಗಾಜಿನೊಳಗೆ ಆ ಬಳೆಯನ್ನು ನೋಡಿದ್ದೇನೆ. ಸ್ಪೇನ್ ದೊರೆಯ ಮುಖವಿರಬೇಕಾದಲ್ಲಿ ತೂತು, ಅದರ ಅಂಚಿಗೆ ‘ನ್ಯೂ ಸೌತ್ ವೇಲ್ಸ್, 1813’ ಎಂಬ ಅಚ್ಚು. ಲಿತ್‌ಗೋ ಬರುವ ಹೊತ್ತಿಗೆ ಅವನ್ನು ಹಿಂಪಡೆಯುವ ಕೆಲಸ ನಡೆದಿತ್ತು. 1829ರಲ್ಲಿ ಚಲಾವಣೆ ನಿಂತಿತು. ಡಾಲರು, ಪೌಂಡು, ರಸೀದಿ, ಹುಂಡಿ ಎಲ್ಲ ಕಲಸಿಹೋಗಿದ್ದ ಕಾಲದಲ್ಲಿ, ತಿಂಗಳುಗಟ್ಟಲೆ ದೂರದ ಲಂಡನ್ನಿಗೆ ಪೈಸೆ ಪೈಸೆಗೂ ಉತ್ತರ ಕೊಡಬೇಕಿತ್ತು. ನಮ್ಮ ಹಳ್ಳಿಯ ಶಾನುಭೋಗರ ಕಡತದಂತೆ, ಇಡೀ ವಸಾಹತಿನ ಕೊಡು-ಕೊಳ್ಳುವಿಕೆ ಆತನ ಪುಸ್ತಕಕ್ಕೆ ಬಂದು ಸೇರುತ್ತಿತ್ತು. ಆ ಶ್ರಮಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಆದರೆ ಯಾವ ಲೆಕ್ಕಪುಸ್ತಕಕ್ಕೂ ಬಾರದ ಒಂದು ಬಾಕಿಯಿದೆ. ಲಿತ್‌ಗೋ ಸಿಡ್ನಿಗೆ ಬಂದಿಳಿದ 1824ರಲ್ಲೇ, ಆಗಸ್ಟ್ 14ರಂದು, ಗವರ್ನರ್ ಬ್ರಿಸ್ಬೇನ್ ಮೌಂಟ್ ಯಾರ್ಕ್ ಬೆಟ್ಟದ ಪಶ್ಚಿಮಕ್ಕಿರುವ ಸೀಮೆಗೆಲ್ಲ ಸೇನಾ ಕಾನೂನು ಹೇರಿದ. ಅದು ಅಲ್ಲಿನ ಮೂಲನಿವಾಸಿಗಳಾದ ವಿರಾಡ್ಜುರಿ ಜನರ ನೆಲ. ಬೇಟೆಯ ಬಯಲುಗಳನ್ನು ಕುರಿ, ದನಗಳಿಗೆ ಬಿಟ್ಟುಕೊಡಬೇಕಾಗಿ ಬಂದಾಗ ಅವರು ತಮ್ಮವನೇ ಆದ ವಿಂಡ್ರಡೈನ್ ಎಂಬ ವೀರನ ಮುಂದಾಳತ್ವದಲ್ಲಿ ತಿರುಗಿಬಿದ್ದಿದ್ದರು. ಡಿಸೆಂಬರಿನಲ್ಲಿ ಆ ಕಾನೂನು ತೆರವಾಗುವಷ್ಟರಲ್ಲಿ ಎಷ್ಟೋ ಜೀವಗಳು ಹೋಗಿದ್ದವು. 1827ರಲ್ಲಿ ಅನ್ವೇಷಕ ಹ್ಯಾಮಿಲ್ಟನ್ ಹ್ಯೂಮ್ ಈ ಲೆಕ್ಕಾಧಿಕಾರಿಯ ಹೆಸರಿಟ್ಟ ಕಣಿವೆ ಅದೇ ಮೌಂಟ್ ಯಾರ್ಕ್‌ನ ಪಶ್ಚಿಮಕ್ಕಿದೆ. ಉಣ್ಣೆಯ ಆದಾಯ ಏರುತ್ತಾ ಹೋದದ್ದು ಇಂಥ ಬಯಲುಗಳಲ್ಲಿ ಕುರಿ ಮೇಯಿಸಿಯೇ. ಇದನ್ನು ಒಬ್ಬ ಅಧಿಕಾರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಆಡಳಿತದ ಲೆಕ್ಕ ಎಷ್ಟು ಶುದ್ಧವಾಗಿದ್ದರೂ, ನೆಲ ಕಳೆದುಕೊಂಡವರ ನಷ್ಟಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲದಿರುವುದು ನನ್ನನ್ನು ಕಾಡುತ್ತದೆ.

ಲಿತ್‌ಗೋ 1864ರಲ್ಲಿ ತೀರಿಕೊಂಡ, ಸ್ಕಾಟ್ಲೆಂಡಿಗೆ ಮರಳದೆ ಆಸ್ಟ್ರೇಲಿಯಾದಲ್ಲಿಯೇ. 2024ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಲೆಕ್ಕಪರಿಶೋಧನಾ ಕಚೇರಿಗೆ ಇನ್ನೂರು ವರ್ಷ ತುಂಬಿತು. ಅದೇ ವರ್ಷ ವಿರಾಡ್ಜುರಿ ಜನ ಲಿತ್‌ಗೋದಿಂದ ಪಶ್ಚಿಮಕ್ಕಿರುವ ಬಾಥರ್ಸ್ಟ್ ಊರಿನಲ್ಲಿ ಆ ಸೇನಾ ಕಾನೂನಿನ ಇನ್ನೂರನೇ ವರ್ಷವನ್ನು ನೆನೆದರು. ಊರಿನಿಂದ ಬಂದ ಬಂಧುಗಳನ್ನು ಲಿತ್‌ಗೋದ ಕಲ್ಲಿನ ರೈಲು ಸೇತುವೆಗಳನ್ನು ತೋರಿಸಲು ಕರೆದೊಯ್ದಾಗ ಈ ಎರಡನ್ನೂ ಹೇಳುತ್ತೇನೆ.