ಅಮೆರಿಕದಲ್ಲಿ ಕಾಲೇಜು ನೋಡಲು ಹೊರಟಿದ್ದೀರಾ? ಮೊದಲು ಸಿ7 ತೆಗೆದು ನೋಡಿ

ಕ್ಯಾಂಪಸ್‌ಗೆ ಹೋಗಿ ಮುಖ ತೋರಿಸಿ ಬಂದರೆ ಅಡ್ಮಿಷನ್‌ಗೆ ಅನುಕೂಲ ಆಗುತ್ತದಾ? ನ್ಯೂಜೆರ್ಸಿಯಲ್ಲಿ ಹನ್ನೊಂದನೇ ಕ್ಲಾಸಿನ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಏಪ್ರಿಲ್ ರಜೆ ಹತ್ತಿರ ಬಂತೆಂದರೆ ಇದೇ ಮಾತು. ನಾವು ಮಗಳನ್ನು ಕರೆದುಕೊಂಡು ಎಡಿಸನ್‌ನಿಂದ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್, ಆಮೇಲೆ ಸಿರಾಕ್ಯೂಸ್, ಬಾಸ್ಟನ್ ಕಡೆ ಕಾರಿನಲ್ಲಿ ಸುತ್ತಿ ಬಂದೆವು. ಕೆಲವು ಕಾಲೇಜುಗಳಲ್ಲಿ ಅನುಕೂಲ ಆಗುತ್ತದೆ. ಎಲ್ಲರೂ ಬಾಯಿಬಿಟ್ಟು ನೋಡುವ ದೊಡ್ಡ ಹೆಸರಿನ ಕಾಲೇಜುಗಳಲ್ಲಿ ಒಂದಿಷ್ಟೂ ಆಗುವುದಿಲ್ಲ.

ಇದನ್ನು ಬರೆಯಲು ಕೂತಿದ್ದು ಸಿಟ್ಟಿನಿಂದ. ನಮ್ಮ ಪರಿಚಯದ ಕುಟುಂಬವೊಂದಕ್ಕೆ ಒಬ್ಬ ಅಡ್ಮಿಷನ್ ಕನ್ಸಲ್ಟೆಂಟ್ 'ಹೋಗದಿದ್ದರೆ ಸೀಟು ಕಷ್ಟ' ಅಂತ ಹೆದರಿಸಿ ಟೂರ್ ಪ್ಯಾಕೇಜ್ ಮಾರಿದ್ದಾರೆ. ಪಟ್ಟಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಭೇಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಕಾಲೇಜುಗಳು! ಕ್ಯಾಂಪಸ್ ಟೂರ್ ಅಂತೂ ನಾವು ಹೋದ ಕಡೆಯೆಲ್ಲ ಪುಕ್ಕಟೆ. ಪುಕ್ಕಟೆ ಸಿಗುವುದನ್ನು ಹೆತ್ತವರ ಭಯಕ್ಕೆ ಬೆಲೆ ಕಟ್ಟಿ ಮಾರುವುದು ತಪ್ಪು.

ಹೊರಡುವ ಮೊದಲು ಮನೆಯಲ್ಲೇ ಕೂತು ಒಂದು ಕೆಲಸ ಮಾಡಿ. ಕಾಲೇಜಿನ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಅಂತ ಹುಡುಕಿ. ಅಡ್ಮಿಷನ್ ಮೊದಲಾದ ಅಂಕಿಅಂಶಗಳ ಈ ದಾಖಲೆಯನ್ನು ಹೆಚ್ಚಿನ ಕಾಲೇಜುಗಳು ಪ್ರತಿವರ್ಷ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಅದರಲ್ಲಿ ಸಿ7 ಅಂತ ಒಂದು ಕೋಷ್ಟಕ. ಅರ್ಜಿ ಹಾಕಿದವರು ಕಾಲೇಜಿನ ಮೇಲೆ ತೋರಿಸುವ ಆಸಕ್ತಿಗೆ (ಕ್ಯಾಂಪಸ್ ಭೇಟಿಯೂ ಇದರಲ್ಲೇ ಬಂತು) ಎಷ್ಟು ಬೆಲೆ ಅಂತ ಅಲ್ಲಿ ಕಾಲೇಜೇ ಗುರುತು ಹಾಕಿರುತ್ತದೆ: ತುಂಬಾ ಮುಖ್ಯ, ಮುಖ್ಯ, ಗಮನಿಸುತ್ತೇವೆ, ಗಮನಿಸುವುದಿಲ್ಲ. ಎಂಐಟಿ, ಹಾರ್ವರ್ಡ್, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕಾಲೇಜುಗಳು, ಇವೆಲ್ಲ ಗಮನಿಸದವರ ಸಾಲಿನಲ್ಲಿವೆ. ಕಾರ್ನೆಗಿ ಮೆಲನ್ ಮುಂಚೆ ಗಮನಿಸುತ್ತಿತ್ತು, ಆಮೇಲೆ ಬಿಟ್ಟಿತು. ಹಾಗಾಗಿ ಹಳೇ ಪಟ್ಟಿ ನಂಬಬೇಡಿ, ಹೊಸದನ್ನೇ ನೋಡಿ.

ಗಮನಿಸುವವರು ಯಾಕೆ ಗಮನಿಸುತ್ತಾರೆ? ಸೀಟು ಕೊಟ್ಟವರಲ್ಲಿ ಎಷ್ಟು ಜನ ನಿಜವಾಗಿ ಬಂದು ಸೇರುತ್ತಾರೆ ಅನ್ನುವ ಲೆಕ್ಕ ಅವರಿಗೆ ಬೇಕು. ಒಳ್ಳೆ ಅಂಕದ ಹುಡುಗಿ ಸುಮ್ನೆ ಒಂದು ಅರ್ಜಿ ಬಿಸಾಕಿದ್ದಾಳೋ, ಬರುವ ಮನಸ್ಸಿದೆಯೋ ಅಂತ ನೋಡುತ್ತಾರೆ. ಲೀಹೈ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿದೆ. ಕ್ಯಾಂಪಸ್‌ಗೆ ಬಂದು ಹೋದವರಿಗೆ ಸೀಟು ಸಿಗುವ ಸಾಧ್ಯತೆ ಜಾಸ್ತಿ, ಅದರಲ್ಲೂ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯಲ್ಲಿ ಅಂಕ ಚೆನ್ನಾಗಿರುವವರಿಗೆ. ಸಿಇಟಿ ರ‍್ಯಾಂಕ್ ನೋಡಿ ಸೀಟು ಹಂಚುವ ಪದ್ಧತಿಯಲ್ಲಿ ಬೆಳೆದ ನಮಗೆ ಇದು ಒಗ್ಗುವುದು ಕಷ್ಟ. ಪೆಟ್ರೋಲು, ಹೋಟೆಲು, ರಜೆ ಇಲ್ಲದ ಮನೆಯ ಮಕ್ಕಳಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಹೋದಮೇಲೆ ಹೆಸರು ಬರೆಸುವುದು ಮರೆಯಬೇಡಿ. ಒಂದು ಕ್ಯಾಂಪಸ್‌ನಲ್ಲಿ ನಮ್ಮ ಮುಂದಿದ್ದ ಹುಡುಗಿ ಫೋನಿನ ಕ್ಯೂಆರ್ ಕೋಡ್ ತೋರಿಸಿದಳು, ಮೇಜಿನ ಹಿಂದಿದ್ದ ವಿದ್ಯಾರ್ಥಿ ಐಪ್ಯಾಡ್ ಹಿಡಿದು ಸ್ಕ್ಯಾನ್ ಮಾಡಿದ, ಹೆಸರು ಬಂತು, ಟಿಕ್ ಬಿತ್ತು. ಹಿಂದೆ ಬಂದ ತಂದೆ-ಮಗ ಇಬ್ಬರೂ ಮೇಜಿನ ಪಕ್ಕದಲ್ಲೇ ಹಾದು ಟೂರ್ ಗುಂಪಿಗೆ ಸೇರಿಕೊಂಡರು. ಯಾರೂ ತಡೆಯಲಿಲ್ಲ. ಆದರೆ ಆ ಹುಡುಗ ಬಂದಿದ್ದಕ್ಕೆ ದಾಖಲೆ ಎಲ್ಲಿದೆ? ರಿಜಿಸ್ಟರ್ ಮಾಡುವಾಗ ಅಪ್ಪನ ಇಮೇಲ್ ಬೇಡ. ಮಗು ಅರ್ಜಿಗೆ ಬಳಸುವ ಇಮೇಲ್ ಕೊಡಿ. ಆಮೇಲೆ ಬರುವ ಮೇಲ್‌ಗಳನ್ನೂ ಮಗುವೇ ತೆರೆದು ಓದಲಿ. ಅದನ್ನು ಲೆಕ್ಕ ಇಡುವ ಕಾಲೇಜುಗಳೂ ಇವೆ.

ಹೋಟೆಲ್ ವಿಷಯದಲ್ಲಿ ಹುಷಾರು. ಏಪ್ರಿಲ್‌ನಲ್ಲಿ ಸೀಟು ಸಿಕ್ಕ ಮಕ್ಕಳನ್ನೂ ಕಾಲೇಜುಗಳು ಕರೆಸಿಕೊಳ್ಳುತ್ತವೆ. ಆ ವಾರಾಂತ್ಯಗಳಲ್ಲಿ ಸಣ್ಣ ಊರಿನ ರೂಮಿಗೂ ಬೆಂಕಿಯಂಥ ರೇಟು. ನಮಗೆ ಸಿಕ್ಕಿದ್ದು 280 ಡಾಲರ್ ರೂಮು, ಮೇಲೆ ಪಾರ್ಕಿಂಗ್ ಬೇರೆ. ಕಾರ್ಪೆಟ್ ಒದ್ದೆ. ಬಾತ್‌ರೂಮಿನಿಂದ ಮಂಚಕ್ಕೆ ಬರುವಷ್ಟರಲ್ಲಿ ಕಾಲುಚೀಲ ನೆನೆಯುತ್ತಿತ್ತು. ಬೇರೆ ರೂಮ್ ಕೇಳಿದರೆ ಇಲ್ಲ, ದುಡ್ಡು ವಾಪಸ್ ಕೇಳಿದರೆ ಮ್ಯಾನೇಜರ್ ಸೋಮವಾರ ಬರುತ್ತಾರೆ ಅಂದರು. ಕ್ಯಾಂಪಸ್‌ನಿಂದ ಅರ್ಧ ಗಂಟೆ ದೂರ, ಹೈವೇ ಪಕ್ಕದಲ್ಲಿ ಇಳಿದುಕೊಳ್ಳಿ. ವಾರದ ನಡುವೆ ಹೋದರೆ ಇನ್ನೂ ಒಳ್ಳೆಯದು, ಕ್ಲಾಸು ನಡೆಯುವುದೂ ಕಾಣುತ್ತದೆ.

ಊಟಕ್ಕೆ ಮಾತ್ರ ಚಿಂತೆ ಬೇಡ. ಬೆತ್ಲೆಹೆಮ್‌ನಿಂದ ಉತ್ತರಕ್ಕೆ ಹೋಗುತ್ತಾ ಪೊಕೊನೊ ಬೆಟ್ಟದ ಕಡೆ ಟ್ರಕ್‌ಗಳು ನಿಲ್ಲುವ ಒಂದು ಗ್ಯಾಸ್ ಸ್ಟೇಷನ್ ಒಳಗೆ ಪಂಜಾಬಿ ಅಡುಗೆಮನೆ ಸಿಕ್ಕಿತು. ಹೊರಗಿನಿಂದ ನೋಡಿದರೆ ಚಿಪ್ಸ್, ಎಂಜಿನ್ ಆಯಿಲ್ ಮಾರುವ ಅಂಗಡಿ. ಒಳಗೆ ಹೋದರೆ ಜೀರಿಗೆ ಒಗ್ಗರಣೆಯ ವಾಸನೆ. ಗಿರಾಕಿ ಕೇಳಿದಮೇಲೇ ಹಿರಿಯರೊಬ್ಬರು ಹಿಟ್ಟಿನುಂಡೆ ತೆಗೆದು ರೊಟ್ಟಿ ತಟ್ಟುತ್ತಿದ್ದರು. ಹಳದಿ ದಾಲ್, ಆಲೂ ಗೋಬಿ, ಹಸಿ ಈರುಳ್ಳಿ, ಮೇಲೆ ಒಂದು ಹಸಿಮೆಣಸಿನಕಾಯಿ. ಮೂರು ಜನಕ್ಕೆ ಹೊಟ್ಟೆ ತುಂಬಾ ಊಟ, 40 ಡಾಲರ್ ಒಳಗೆ. ಮಗಳು ದಾಲ್ ಇನ್ನಷ್ಟು ಬೇಕು ಅಂದಾಗ ಆ ಹಿರಿಯರು ಬಟ್ಟಲು ತುಂಬಿಸಿಕೊಟ್ಟು ದುಡ್ಡು ಬೇಡ ಅಂದರು. ಪೆನ್ಸಿಲ್ವೇನಿಯಾದ ಹೈವೇಗಳಲ್ಲಿ ಪಂಜಾಬಿ ಡ್ರೈವರ್‌ಗಳಿಗಾಗಿ ಇಂಥ ಢಾಬಾಗಳು ಇವೆ. ಮ್ಯಾಪ್‌ನಲ್ಲಿ ಹುಡುಕಿ, ಖಂಡಿತ ನಿಲ್ಲಿ.

ಬಾಸ್ಟನ್ ಕಡೆಯ ಜನಜಂಗುಳಿ ನನಗೆ ಹಿಡಿಸಲಿಲ್ಲ. ಎಂಐಟಿ, ಹಾರ್ವರ್ಡ್ ನೋಡಿದಿರೋ ಬಿಟ್ಟಿರೋ, ಅರ್ಜಿಯಲ್ಲಿ ವ್ಯತ್ಯಾಸ ಇಲ್ಲ. ಮಗುವಿಗೆ ಆಸೆಯಿದ್ದರೆ ಹೋಗಿ, ಇಲ್ಲದಿದ್ದರೆ ಆ ದಿನವನ್ನು ಆಸಕ್ತಿ ಗಮನಿಸುವ ಕಾಲೇಜಿಗೆ ಕೊಡಿ. ಅಲ್ಲಿ ಕಂಡ ಲ್ಯಾಬು, ಮಾತಾಡಿಸಿದ ವಿದ್ಯಾರ್ಥಿ, ಕೇಳಿದ ಕ್ಲಾಸು, ಎಲ್ಲವನ್ನೂ ಅವತ್ತೇ ರಾತ್ರಿ ಬರೆದಿಡಲು ಹೇಳಿ. 'ನಮ್ಮ ಕಾಲೇಜೇ ಯಾಕೆ' ಅನ್ನುವ ಪ್ರಬಂಧಕ್ಕೆ ಅದೇ ಬಂಡವಾಳ.

ಎಲ್ಲಕ್ಕಿಂತ ಗಟ್ಟಿ ಆಸಕ್ತಿ ಅಂದರೆ ಅರ್ಲಿ ಡಿಸಿಷನ್, ಒಂದೇ ಕಾಲೇಜನ್ನು ಆರಿಸಿ ಮುಂಚಿತವಾಗಿ ಹಾಕುವ ಅರ್ಜಿ. ಸಾಮಾನ್ಯವಾಗಿ ನವೆಂಬರ್ ಮೊದಲ ಹದಿನೈದು ದಿನದಲ್ಲಿ ಗಡುವು. ಸೀಟು ಕೊಟ್ಟರೆ ಸೇರಲೇಬೇಕು. ಬೇರೆ ಕಾಲೇಜುಗಳ ಸ್ಕಾಲರ್‌ಶಿಪ್ ಹೋಲಿಸಿ ನೋಡುವ ಅವಕಾಶ ಇರುವುದಿಲ್ಲ. ಫೀಸಿನ ಲೆಕ್ಕ ಮನೆಯಲ್ಲಿ ಮಾತಾಡದೆ ಅದಕ್ಕೆ ಸಹಿ ಹಾಕಬೇಡಿ.

ಬೆಂಗಳೂರಿನಿಂದ ನನ್ನ ತಮ್ಮ ಕೇಳಿದ, 'ಅಕ್ಕಾ, ನಾವೂ ಮಗನ್ನ ಕರ‍್ಕೊಂಡು ಬರಬೇಕಾ?' ಬೇಡ ಅಂದೆ. ವೀಸಾ, ವಿಮಾನ ಅಂತ ಲಕ್ಷಗಟ್ಟಲೆ ಸುರಿದು ಟೂರ್‌ಗೆ ಬರುವುದು ಬೇಕಿಲ್ಲ. ಆನ್‌ಲೈನ್ ಸೆಷನ್‌ಗಳಿಗೂ ಹೆಸರು ನೋಂದಾಯಿಸಬಹುದು. ಅಡ್ಮಿಷನ್ ಆಫೀಸರ್‌ಗಳು ಬೆಂಗಳೂರಿಗೇ ಬರುವುದುಂಟು. ಶಾಲೆಯ ಕೌನ್ಸೆಲರ್ ಹತ್ತಿರ ಯಾವಾಗ ಬರುತ್ತಾರೆ ಅಂತ ಕೇಳಿಟ್ಟುಕೊಂಡರೆ ಸಾಕು.