ಇಪ್ಪತ್ತು ಸೆಂಟ್ಸ್ ಮಳೆ

ಫೆಬ್ರವರಿ 18, ಮಂಗಳವಾರ, ರಾತ್ರಿ

ಸಂಜೆ ಮಳೆ ಬಂತು. ಬಂತು ಅನ್ನುವಷ್ಟರಲ್ಲಿ ನಿಂತೂ ಹೋಯಿತು. ಕಣದಲ್ಲಿ ಹರಡಿದ್ದ ರೋಬಸ್ಟಾ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಲ್ ಹೊದೆಸುವುದರೊಳಗೆ ನಾವೆಲ್ಲ ನೆಂದು ತೊಪ್ಪೆಯಾಗಿದ್ದೆವು. ಅತ್ತೆ ಮಾತ್ರ ಕಣದ ಕಡೆ ಬರಲಿಲ್ಲ. ಸೆರಗನ್ನು ತಲೆ ಮೇಲೆ ಎಳೆದುಕೊಂಡು ಸೀದಾ ಮಳೆ ಅಳೆಯುವ ಡಬ್ಬಿ ಹತ್ತಿರ ಹೋದರು. ನೀರನ್ನು ಅಳತೆ ಜಾಡಿಗೆ ಹುಯ್ದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದರು.

"ಇಪ್ಪತ್ತು ಸೆಂಟ್ಸ್."

ಅವರ ದನಿ ಕೇಳಿಯೇ ಇವರು ಕಣದಲ್ಲಿ ಕೂತುಬಿಟ್ಟರು.

ಇಪ್ಪತ್ತು ಸೆಂಟ್ಸ್ ಅಂದರೆ ಇಂಚಿನ ನೂರು ಭಾಗದಲ್ಲಿ ಇಪ್ಪತ್ತು, ಐದು ಮಿಲಿಮೀಟರ್. ಹೂಮಳೆ ಅಂತ ಕರೆಯಬೇಕಾದರೆ ಒಂದು ಇಂಚಾದರೂ ಬೀಳಬೇಕು. ಆಗ ಮೊಗ್ಗು ಎಚ್ಚರವಾಗಿ, ಎಂಟೊಂಬತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಮಳೆ ಬರದಿದ್ದರೂ ಪರವಾಗಿಲ್ಲ, ಮೊಗ್ಗು ಸುಮ್ನೆ ಮಲಗಿರುತ್ತದೆ, ಕಾಯುತ್ತದೆ. ಹೀಗೆ ಅರ್ಧಂಬರ್ಧ ಬಿದ್ದರೇ ಕಷ್ಟ. ಮೊಗ್ಗು ಉಬ್ಬುತ್ತದೆ, ಅರಳುವಷ್ಟು ನೀರು ಸಿಗದೆ ಅಲ್ಲೇ ಒಣಗುತ್ತದೆ. ಒಂದಿಷ್ಟು ಅರಳಿದರೂ ಪ್ರಯೋಜನ ಕಡಿಮೆ. ರೋಬಸ್ಟಾ ಹೂವಿಗೆ ಬೇರೆ ಗಿಡದ ಪರಾಗ ಬೇಕು, ಎಲ್ಲ ಗಿಡವೂ ಒಟ್ಟಿಗೆ ಅರಳಿದರೇ ಕಾಯಿ ಚೆನ್ನಾಗಿ ಕಚ್ಚುವುದು.

ವಾಟ್ಸಾಪ್ ಗುಂಪಿನಲ್ಲಿ ಅಷ್ಟೊತ್ತಿಗೆ ಶುರುವಾಗಿತ್ತು. ಬಾಳೂರು 60. ಜನ್ನಾಪುರ 35. ಗೋಣಿಬೀಡು ಸೊನ್ನೆ. ಬಣಕಲ್‌ನಲ್ಲಿ ಬರೀ ಗುಡುಗು. ಇಷ್ಟು ಹತ್ತಿರದ ಊರುಗಳು, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ.

ಊಟ ಆದ ಮೇಲೆ ಅಡುಗೆಮನೆಯಲ್ಲೇ ಮಾತು ನಡೆಯಿತು. ಅತ್ತೆ ಮಳೆ ಪುಸ್ತಕ ತೆಗೆದುಕೊಂಡು ಕೂತಿದ್ದರು. ಮಾವ ಇದ್ದಾಗ ಅವರು ಬರೆಯುತ್ತಿದ್ದರು, ಅವರು ಹೋದ ಮೇಲೆ ಅತ್ತೆ ಒಂದು ದಿನವೂ ಬಿಟ್ಟಿಲ್ಲ.

"ನೀರು ಬಿಡೋದಾದ್ರೆ ನಾಳೆ, ನಾಡಿದ್ದರೊಳಗೆ ಬಿಡಬೇಕು ಮಗ. ಆಮೇಲೆ ಬಿಟ್ರೆ ಮೊಗ್ಗು ಉಳಿಯಲ್ಲ."

"ಕೆರೆ ನೋಡಿದ್ದೀಯಾ ಅಮ್ಮ? ಒಂದು ರೌಂಡ್ ಸ್ಪ್ರಿಂಕ್ಲರ್‌ಗೆ ಆಗುತ್ತೆ, ಅಷ್ಟೆ. ಹೂ ಆದ್ಮೇಲೆ ಕೊಡೋ ಬ್ಯಾಕಿಂಗ್ ನೀರಿಗೆ ಏನು ಮಾಡೋದು?"

"ಬ್ಯಾಕಿಂಗ್‌ಗೆ ಇನ್ನೂ ದಿನ ಇದೆ. ಅಷ್ಟರಲ್ಲಿ ಮಳೆ ಬರುತ್ತೆ."

"ಬರದಿದ್ರೆ?"

ಅತ್ತೆ ಉತ್ತರ ಕೊಡಲಿಲ್ಲ. ಪುಸ್ತಕದ ಹಳೆಯ ಹಾಳೆಗಳನ್ನು ತಿರುವಿದರು. ಮಾವನ ಅಕ್ಷರದಲ್ಲಿ ಮಾರ್ಚ್, ಮತ್ತೆ ಮಾರ್ಚ್, ಕೆಲವು ವರ್ಷ ಏಪ್ರಿಲ್. "ಆಗ ಯುಗಾದಿ ಆಸುಪಾಸು ಬರೋದು ಕಣೇ," ಅಂತ ನನ್ನ ಕಡೆ ತಿರುಗಿ ಹೇಳಿದರು. "ಅದಾದ್ಮೇಲೆ ಅಶ್ವಿನಿ, ಭರಣಿ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತಿದ್ದರು. ಈಗ ಯಾವ ತಿಂಗಳು ಅಂತ ಹೇಳೋದು?"

2024ರ ಪುಟ ತೆಗೆದರೆ ಜನವರಿಯಲ್ಲೇ ಮಳೆ. ಹಣ್ಣು ಗಿಡದಲ್ಲೇ ಇತ್ತು, ಕೊಯ್ಲು ಮುಗಿದಿರಲಿಲ್ಲ. ಒಂದೇ ರೆಂಬೆಯಲ್ಲಿ ಹಣ್ಣೂ ಹೂವೂ. ಹಣ್ಣು ಕೊಯ್ಯಲು ಹೋದರೆ ಹೂ ಉದುರುತ್ತಿತ್ತು. ಆ ಪುಟದಲ್ಲಿ ಅಂಕಿ ಬಿಟ್ಟು ಅತ್ತೆ ಬೇರೇನೂ ಬರೆದಿಲ್ಲ, ಆದರೆ ಪೆನ್ನು ಒತ್ತಿ ಬರೆದಿದ್ದಾರೆ, ಅಡಿಯ ಹಾಳೆಗೂ ಮೂಡಿದೆ.

ಮಧ್ಯಾಹ್ನ ಮಾತ್ರ ಎಷ್ಟು ಚೆನ್ನಾಗಿತ್ತು! ಬೆಳಗ್ಗೆ ಮಂಜಿನಲ್ಲಿ ಗೇಟೂ ಕಾಣದಷ್ಟು ಚಳಿ, ಹನ್ನೆರಡಕ್ಕೆ ಏಪ್ರಿಲ್ ಬಿಸಿಲು. ಕೆರೆ ಏರಿಯ ಹಾಲುವಾಣ ಎಲೆಯೆಲ್ಲ ಉದುರಿಸಿ ಕೆಂಪಗೆ ಹೂ ಬಿಟ್ಟಿದೆ. ಅದರ ತುಂಬ ಗೊರವಂಕ, ಕಾಜಾಣ, ಏನು ಗಲಾಟೆ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ. ಆ ಮರಕ್ಕೆ ಶಿವರಾತ್ರಿಯ ತನಕ ಕಾಯುವ ವ್ಯವಧಾನ ಇಲ್ಲ. ಕೆಲಸ ಬಿಟ್ಟು ಅದರ ಕೆಳಗೆ ನಿಂತಿದ್ದೆ. ಆಗಲೇ ಬೆಂಗಳೂರಿನಿಂದ ಮಗಳ ಫೋನ್.

"ಅಮ್ಮ, ಹೂ ಯಾವಾಗ? ರಜೆ ಹಾಕಬೇಕು."

ಏನು ಹೇಳಲಿ? ಅವಳು ಕಾಲೇಜಿಗೆ ಹೋದಾಗಿನಿಂದ ಹೂವಿನ ಹೊತ್ತಿಗೆ ಸರಿಯಾಗಿ ಬರಲು ಆಗಿಲ್ಲ. ಅರಳಿದ ಮೇಲೆ ಎರಡು ಮೂರು ದಿನ, ಅಷ್ಟೇ. ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಮಲ್ಲಿಗೆಯಂಥ ವಾಸನೆ ಮನೆಯೊಳಗೇ ನುಗ್ಗುತ್ತದೆ, ತೋಟದ ತುಂಬ ಜೇನಿನ ಸದ್ದು. ಆ ದಿನಗಳಲ್ಲಿ ಮತ್ತೆ ಮಳೆ ಬಿತ್ತೋ, ಪರಾಗ ತೊಳೆದು ಹೋಗುತ್ತದೆ. ಅಂದರೆ ಇವತ್ತು ಬಾ ಬಾ ಅಂತ ಕರೆದ ಮಳೆಯನ್ನೇ ಆ ದಿನ ಬರಬೇಡ ಅನ್ನಬೇಕು. "ಆಮೇಲೆ ಹೇಳ್ತೀನಿ ಪುಟ್ಟಿ" ಅಂದೆ. ಅವಳು "ಪ್ರತಿ ಸಲ ಹೀಗೇ ಹೇಳ್ತೀಯ" ಅಂದಳು.

ಕೆಳಗಿನ ಮನೆ ಅಕ್ಕ ಈಗ ತಾನೇ ಬಂದು ಹೋದರು. ಎಷ್ಟು ಬಿತ್ತು ಅಂತ ಕೇಳಲು ಬಂದಿದ್ದು. ಅವರದು ಎರಡೇ ಎಕರೆ, ಕೆರೆಯೂ ಇಲ್ಲ, ಬೋರೂ ಇಲ್ಲ. ಬಿದ್ದದ್ದೇ ಅವರ ಪಾಲು. ಇಪ್ಪತ್ತು ಅಂದಾಗ "ನನ್ನ ಕಣ್ಣಿಗೆ ಜಾಸ್ತಿ ಕಂಡಿತ್ತು" ಅಂದರು. ಕಾಫಿ ಕುಡಿಯಲು ಕೂರಲಿಲ್ಲ. ನಮಗೆ ಬಿಡೋಣವೋ ಬೇಡವೋ ಅಂತ ಚರ್ಚೆ ಮಾಡಲಾದರೂ ಒಂದಿಷ್ಟು ನೀರಿದೆ. ಅವರು ಯಾರ ಹತ್ತಿರ ಚರ್ಚೆ ಮಾಡುತ್ತಾರೆ? ಗಂಡ ಹೋದ ಮೇಲೆ ಆ ಎರಡು ಎಕರೆಯಲ್ಲೇ ಇಬ್ಬರು ಮಕ್ಕಳನ್ನು ಓದಿಸಿದವರು.

ಇವರು ಟಾರ್ಚ್ ತೆಗೆದುಕೊಂಡು ಮತ್ತೆ ಕೆರೆ ನೋಡಲು ಹೋಗಿದ್ದಾರೆ. ನೀರು ಬಿಡೋಣ ಅನ್ನುವುದೇ ನನ್ನ ಮನಸ್ಸು. ಅತ್ತೆ ಹೇಳಿದ್ದು ಸರಿ, ಈಗ ಕಣ್ಣೆದುರಿಗೆ ಇರುವ ಮೊಗ್ಗನ್ನು ಉಳಿಸಿಕೊಳ್ಳಬೇಕು. ಡೀಸೆಲ್ ಇದೆ. ಪೈಪ್ ಎಳೆಯಲು ಬೆಳಗ್ಗೆ ಇಬ್ಬರು ಬರುತ್ತಾರೆ. ಆದರೆ ಅಕ್ಕನ ತೋಟಕ್ಕೂ ಎರಡು ಸ್ಪ್ರಿಂಕ್ಲರ್ ಜೆಟ್ ಹಾಕಿದರೆ ನಮ್ಮ ಮೇಲಿನ ಬ್ಲಾಕಿಗೆ ಖಂಡಿತ ಸಾಲುವುದಿಲ್ಲ, ಅದನ್ನು ಇವರ ಹತ್ತಿರ ಹೇಗೆ ಎತ್ತುವುದು, ಅತ್ತೆಯನ್ನೇ ಮೊದಲು ಕೇಳಿದರೆ