ಒಂದು ಡ್ರೈವ್ ಅಳಿಸಿದ್ದಕ್ಕೆ ಎರಡೂ ಓಎಸ್ ಮಾಯ

14 ಸೆಪ್ಟೆಂಬರ್ 2024, ಶನಿವಾರ

ಗೆಳೆಯನ ಹಳೇ ಡೆಸ್ಕ್‌ಟಾಪ್ ಇವತ್ತು ನನ್ನ ಮೇಜಿಗೆ ಬಂತು. ಒಂದೇ ಹಾರ್ಡ್ ಡಿಸ್ಕಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ (ಓಎಸ್): ವಿಂಡೋಸ್ ಎಕ್ಸ್‌ಪಿ ಮತ್ತು ಲಿನಕ್ಸ್. ಎಕ್ಸ್‌ಪಿಗೆ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ಆದರೂ ಇವನು ಬಿಡುವ ಹಾಗಿಲ್ಲ. ಅವನ ಸ್ಕ್ಯಾನರಿನ ಡ್ರೈವರ್ ಅದರಲ್ಲಿ ಮಾತ್ರ ಓಡುತ್ತದೆಯಂತೆ. ಎಕ್ಸ್‌ಪಿಯಲ್ಲಿ ನೆಟ್ ಬಂದ್ ಮಾಡಿಟ್ಟಿದ್ದಾನೆ, ಅಷ್ಟು ಪುಣ್ಯ.

ಆನ್ ಮಾಡಿದರೆ ಕಪ್ಪು ಪರದೆ. 'ಎರರ್: ನೋ ಸಚ್ ಪಾರ್ಟಿಶನ್' ಅಂತ ಒಂದು ಸಾಲು, ಅಂದರೆ ಅಂಥ ಪಾರ್ಟಿಶನ್ (ಡಿಸ್ಕಿನ ಭಾಗ) ಇಲ್ಲ ಅಂತ. ಅದರ ಕೆಳಗೆ 'ಗ್ರಬ್ ರೆಸ್ಕ್ಯೂ' ಪ್ರಾಂಪ್ಟ್, ಅಂದರೆ ಕಮಾಂಡಿಗೆ ಕಾಯುವ ಸಾಲು. ಗ್ರಬ್ ಅಂದರೆ ಯಾವ ಓಎಸ್ ಬೇಕು ಅಂತ ಮೆನು ತೋರಿಸಿ ಅದನ್ನು ಎಬ್ಬಿಸುವ ಪ್ರೋಗ್ರಾಂ. ಎಕ್ಸ್‌ಪಿಯೂ ಇಲ್ಲ, ಲಿನಕ್ಸೂ ಇಲ್ಲ.

"ಎಲ್ಲಾ ಹೋಯ್ತೇನೋ?" ಅಂತ ಫೋನಿನಲ್ಲಿ ಕೇಳಿದ.

"ಏನೂ ಹೋಗಿಲ್ಲ ಕಣೋ. ಈ ಮೆಸೇಜ್ ಬಂತಲ್ಲ, ಅದೇ ಒಳ್ಳೇ ಸುದ್ದಿ."

ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ. ಹಳೇ ಬಯೋಸ್ (ಆನ್ ಆದ ಕೂಡಲೇ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಯಂತ್ರಗಳಲ್ಲಿ ಬೂಟ್, ಅಂದರೆ ಓಎಸ್ ಏಳುವುದು, ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಬಯೋಸ್ ಡಿಸ್ಕಿನ ಮೊದಲ ಸೆಕ್ಟರನ್ನು ಓದುತ್ತದೆ. ಅದು 512 ಬೈಟ್. ಅದರಲ್ಲಿ ಬೂಟ್ ಕೋಡಿಗೆ ಸಿಗುವುದು 446 ಬೈಟ್ ಮಾತ್ರ. 64 ಬೈಟ್ ಪಾರ್ಟಿಶನ್ ಟೇಬಲ್‌ಗೆ (ಯಾವ ಪಾರ್ಟಿಶನ್ ಎಲ್ಲಿದೆ ಅನ್ನುವ ಪಟ್ಟಿ), ಕೊನೆಯ 2 ಬೈಟ್ ಗುರುತಿಗೆ. 446 ಬೈಟಿನಲ್ಲಿ ಏನು ಮಹಾ ಮಾಡೋಕಾಗುತ್ತದೆ? ಹಾಗಾಗಿ ಗ್ರಬ್ ತನ್ನ ಮುಖ್ಯ ತುಂಡನ್ನು ಆ ಸೆಕ್ಟರ್ ಮತ್ತು ಮೊದಲ ಪಾರ್ಟಿಶನ್ ನಡುವಿನ ಖಾಲಿ ಜಾಗದಲ್ಲಿ ಇಡುತ್ತದೆ. ಆ ತುಂಡು ಲಿನಕ್ಸ್ ಪಾರ್ಟಿಶನ್ನಿನ ಬೂಟ್ ಫೋಲ್ಡರಿಗೆ ಹೋಗಿ ಉಳಿದ ಮಾಡ್ಯೂಲ್‌ಗಳನ್ನು ಎತ್ತಿಕೊಳ್ಳುತ್ತದೆ. ಮೆನು ಬರುವುದು ಆಮೇಲೆ.

'ನೋ ಸಚ್ ಪಾರ್ಟಿಶನ್' ಅಂದಿದ್ದು ಈ ನಡುವಿನ ತುಂಡು. ಅಂದರೆ ಬಯೋಸ್ ಸರಿ ಇದೆ, ಡಿಸ್ಕ್ ಓದಲು ಬರುತ್ತಿದೆ, ಮೊದಲ ಎರಡು ಮೆಟ್ಟಿಲು ದಾಟಿ ಆಗಿದೆ. ಮೂರನೆಯದರಲ್ಲಿ ಕಾಲು ಜಾರಿದೆ. ಹಿಂದಿನ ಕಾಲದ ಲಿಲೋ ಅನ್ನುವ ಇಂಥದ್ದೇ ಪ್ರೋಗ್ರಾಂ ಇದನ್ನು ಇನ್ನೂ ನೇರವಾಗಿ ತೋರಿಸುತ್ತಿತ್ತು. ಒಂದೊಂದು ಹಂತ ದಾಟಿದಂತೆ ತನ್ನ ಹೆಸರಿನ ಒಂದೊಂದು ಅಕ್ಷರ ಬರೆಯುತ್ತಿತ್ತು. ಎಲ್ಲಿ ನಿಂತಿತೋ ಅಲ್ಲೇ ತೊಂದರೆ. ಹಳೇ ಗ್ರಬ್ ನಂಬರ್ ಕೊಡುತ್ತಿತ್ತು: 17 ಅಂದರೆ ಪಾರ್ಟಿಶನ್ ಮೌಂಟ್ ಆಗುತ್ತಿಲ್ಲ (ತೆರೆಯಲು ಬರುತ್ತಿಲ್ಲ), 18 ಅಂದರೆ ಬಯೋಸಿನ ಕೈಗೆ ಎಟುಕದಷ್ಟು ದೂರದ ಸಿಲಿಂಡರ್ (ಡಿಸ್ಕಿನ ಮೇಲಿನ ಜಾಗ). ಜನ ಇದನ್ನೆಲ್ಲ ಓದದೆ ಸೀದಾ ಮತ್ತೆ ಇನ್‌ಸ್ಟಾಲ್ ಮಾಡಲು ಕೂರುತ್ತಾರೆ. ನನಗೆ ಅದೊಂದು ಸಿಟ್ಟು.

"ಕೊನೇ ಸಲ ಸರಿಯಾಗಿ ಆನ್ ಆದಾಗ ಏನು ಮಾಡಿದ್ದೆ?" ಅಂತ ಕೇಳಿದೆ.

"ಏನಿಲ್ಲಪ್ಪ. ಎಕ್ಸ್‌ಪಿಯಲ್ಲಿ ಹಳೇ ಡಿ ಡ್ರೈವ್ ಖಾಲಿ ಇತ್ತು. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಡಿಲೀಟ್ ಮಾಡಿದೆ. ಲಿನಕ್ಸ್ ಮುಟ್ಟೇ ಇಲ್ಲ."

ಮುಟ್ಟಿಲ್ಲ, ನಿಜ. ಆದರೆ ಈ ಹಳೇ ಬಗೆಯ ಪಾರ್ಟಿಶನ್ ಟೇಬಲ್ಲಿನಲ್ಲಿ ಜಾಗ ಇರುವುದು ನಾಲ್ಕಕ್ಕೆ ಮಾತ್ರ. ಜಾಸ್ತಿ ಬೇಕೆಂದರೆ ಅವುಗಳಲ್ಲಿ ಒಂದನ್ನು ಎಕ್ಸ್‌ಟೆಂಡೆಡ್ ಮಾಡಿ ಅದರೊಳಗೆ ಲಾಜಿಕಲ್ ಪಾರ್ಟಿಶನ್‌ಗಳನ್ನು ಮಾಡಿಕೊಳ್ಳಬೇಕು. ಅವುಗಳ ಎಣಿಕೆ 5ರಿಂದ ಶುರು. ಇವನ ಡಿಸ್ಕಿನಲ್ಲಿ 1 ಎಕ್ಸ್‌ಪಿ, 5 ಆ ಡಿ ಡ್ರೈವ್, 6 ಲಿನಕ್ಸ್. ಲಾಜಿಕಲ್ ಪಾರ್ಟಿಶನ್‌ಗಳಿಗೆ ಗಟ್ಟಿ ನಂಬರ್ ಇರುವುದಿಲ್ಲ, ಸರಪಳಿಯಲ್ಲಿ ಎಷ್ಟನೆಯದೋ ಅದೇ ನಂಬರ್. 5 ಹೋದ ತಕ್ಷಣ 6 ಇದ್ದದ್ದು 5 ಆಯಿತು. ಬೀದಿಯಲ್ಲಿ ಒಂದು ಮನೆ ಕೆಡವಿದ್ದಕ್ಕೆ ಪಕ್ಕದ ಮನೆಯ ನಂಬರೂ ಬದಲಾದ ಹಾಗೆ. ಗ್ರಬ್ ಇನ್ನೂ 6 ಹುಡುಕುತ್ತಿದೆ.

ಇಷ್ಟು ಗೊತ್ತಾದ ಮೇಲೆ ಕೈಕೆಲಸ ಸ್ವಲ್ಪವೇ. ರೆಸ್ಕ್ಯೂ ಪ್ರಾಂಪ್ಟಿನಲ್ಲಿ ಸಿಗುವ ಕಮಾಂಡ್ ಬೆರಳೆಣಿಕೆಯಷ್ಟು. ಎಲ್‌ಎಸ್ ಕೊಟ್ಟರೆ ಪಾರ್ಟಿಶನ್‌ಗಳ ಪಟ್ಟಿ ಬಂತು: 1 ಮತ್ತು 5. 1ನ್ನು ಕೇಳಿದರೆ 'ಫೈಲ್‌ಸಿಸ್ಟಮ್ ಗೊತ್ತಿಲ್ಲ' ಅಂತು. ಅದು ಸಹಜ, ಎಕ್ಸ್‌ಪಿಯ ಎನ್‌ಟಿಎಫ್‌ಎಸ್ ಫೈಲ್‌ಸಿಸ್ಟಮ್ ಓದುವ ಮಾಡ್ಯೂಲ್ ಇನ್ನೂ ಲೋಡ್ ಆಗಿಲ್ಲ. 5ರ ಮುಂದೆ ಓರೆ ಗೆರೆ ಹಾಕಿ ಕೇಳಿದೆ. ಬೂಟ್, ಹೋಮ್, ಇಟಿಸಿ ಎಲ್ಲ ಸಾಲಾಗಿ ಬಂದವು. ಸೆಟ್ ಕಮಾಂಡಿನಿಂದ ಪ್ರಿಫಿಕ್ಸನ್ನು (ಗ್ರಬ್ ತನ್ನ ಫೈಲ್‌ಗಳನ್ನು ಹುಡುಕುವ ಜಾಗ) 5ರ ಬೂಟ್ ಫೋಲ್ಡರಿನೊಳಗಿನ ಗ್ರಬ್ ಫೋಲ್ಡರಿಗೆ ತಿರುಗಿಸಿದೆ, ರೂಟನ್ನು 5ಕ್ಕೆ. ಆಮೇಲೆ ಮೆನುವಿನ ಮಾಡ್ಯೂಲ್ ಎತ್ತಿಕೊಳ್ಳಲು ಇನ್ಸ್‌ಮಾಡ್ ನಾರ್ಮಲ್, ಅದನ್ನು ಓಡಿಸಲು ಬರೀ ನಾರ್ಮಲ್. ಮೆನು ಬಂತು, ಲಿನಕ್ಸೂ ಎದ್ದಿತು. ಮೆನುವಿನ ಸಾಲುಗಳು ಯುಯುಐಡಿ (ಪಾರ್ಟಿಶನ್ನಿನ ಸ್ವಂತ ಗುರುತು) ನೋಡಿ ಪಾರ್ಟಿಶನ್ ಹುಡುಕುತ್ತವೆ, ಲಿನಕ್ಸಿಗೆ ಪಾರ್ಟಿಶನ್‌ಗಳ ಪಟ್ಟಿ ಕೊಡುವ ಎಫ್‌ಎಸ್‌ಟ್ಯಾಬ್ ಫೈಲ್ ಕೂಡ ಹಾಗೇ. ನಂಬರ್ ಬದಲಾದರೂ ಅವಕ್ಕೆ ಲೆಕ್ಕಕ್ಕಿಲ್ಲ.

ಗಣಕ ಬಂದ್ ಮಾಡಿದರೆ ಇದೆಲ್ಲ ಮರೆತುಹೋಗುತ್ತದೆ. ಅದಕ್ಕೆ ಲಿನಕ್ಸ್ ಒಳಗಿಂದಲೇ ಗ್ರಬ್ ಇನ್‌ಸ್ಟಾಲ್ ಮತ್ತೊಮ್ಮೆ ಓಡಿಸಬೇಕು. ಕೊಡಬೇಕಾದ್ದು ಇಡೀ ಡಿಸ್ಕಿನ ಹೆಸರು, ಕೊನೆಗೆ ಪಾರ್ಟಿಶನ್ ನಂಬರ್ ಇಲ್ಲದೆ. ಇದು ಯಾಕೋ ತುಂಬಾ ಜನರಿಗೆ ಗೊಂದಲ. ಎಕ್ಸ್‌ಪಿ ಕಾಲದ ಡಿಸ್ಕುಗಳಲ್ಲಿ ಇನ್ನೊಂದು ಪೇಚಿದೆ. ಆಗ ಮೊದಲ ಪಾರ್ಟಿಶನ್ 63ನೇ ಸೆಕ್ಟರಿನಿಂದ ಶುರುವಾಗುತ್ತಿತ್ತು. ನಡುವಿನ ಜಾಗ 62 ಸೆಕ್ಟರ್, ಅಂದರೆ 31 ಕೆಬಿ. ಲಿನಕ್ಸ್ ಸಾದಾ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಮೇಲಿದ್ದರೆ ಗ್ರಬ್ ಸಾಮಾನ್ಯವಾಗಿ ಹೇಗೋ ಹಿಡಿಸುತ್ತದೆ. ಬಿಟಿಆರ್‌ಎಫ್‌ಎಸ್, ಎಲ್‌ವಿಎಂ, ರೇಡ್ ಅಂತ ಇನ್ನೂ ಜಟಿಲ ವ್ಯವಸ್ಥೆಗೆ ಹೊರಟರೆ ಜಾಗ ಸಾಲದು ಅನ್ನಬಹುದು. ಈಗಿನ ಡಿಸ್ಕುಗಳಲ್ಲಿ ಆರಂಭ 2048ಕ್ಕೆ, ಅಂದರೆ 1 ಎಂಬಿ ಬಿಟ್ಟು. ಇವನದು ಇಎಕ್ಸ್‌ಟಿ4, ತಕರಾರಿಲ್ಲದೆ ಆಯಿತು.

ಮೆನುವನ್ನೂ ಹೊಸದಾಗಿ ಬರೆಸಿದೆ. ಎಕ್ಸ್‌ಪಿ ಸಾಲು ಮಾಯ! ಗಾಬರಿ ಬೇಡ. ಗ್ರಬ್ 2.06ರಿಂದ ಈಚೆಗೆ ಬೇರೆ ಓಎಸ್ ಹುಡುಕುವ ಓಎಸ್ ಪ್ರೋಬರ್ ತಾನಾಗಿ ಓಡುವುದಿಲ್ಲ. ಗ್ರಬ್‌ನ ಡಿಫಾಲ್ಟ್ ಫೈಲಿನಲ್ಲಿ 'ಡಿಸೇಬಲ್ ಓಎಸ್ ಪ್ರೋಬರ್' ಸಾಲಿಗೆ 'ಫಾಲ್ಸ್' ಕೊಟ್ಟು ಮತ್ತೆ ಬರೆಸಿದೆ. ಸಾಲು ಬಂತು, ಎಕ್ಸ್‌ಪಿಯೂ ಬಂತು. ಎಕ್ಸ್‌ಪಿ 1ರಲ್ಲಿದ್ದಿದ್ದಕ್ಕೆ ಬಚಾವು. ಅದೂ ಲಾಜಿಕಲ್‌ನಲ್ಲಿದ್ದು ನಂಬರ್ ಜರುಗಿದ್ದರೆ, ಎಕ್ಸ್‌ಪಿ ಯಾವ ಪಾರ್ಟಿಶನ್ನಿನಲ್ಲಿದೆ ಅಂತ ಹೇಳುವ ಅದರ ಬೂಟ್ ಇನಿ ಫೈಲನ್ನೂ ತಿದ್ದಬೇಕಿತ್ತು. ಅಂಥ ಕಡೆ ಬರುವ ಮೆಸೇಜ್ 'ಹಾಲ್ ಡಿಎಲ್‌ಎಲ್ ಇಲ್ಲ' ಅಂತ. ಫೈಲ್ ಅಲ್ಲೇ ಇರುತ್ತದೆ, ಹುಡುಕುವ ಜಾಗ ತಪ್ಪಿರುತ್ತದೆ.

ಸಂಜೆ ಮತ್ತೆ ಫೋನ್. "ಲಿನಕ್ಸ್ ಹಾಕೋ ಮುಂಚೆ ಮೊದಲ ಸೆಕ್ಟರ್ ಕಾಪಿ ಮಾಡಿಟ್ಟಿದ್ದೆ, 512 ಬೈಟೂ. ಅದನ್ನ ವಾಪಸ್ ಹಾಕಿದ್ರೆ ಆಗ್ತಿರಲಿಲ್ವಾ?"

"ಅಯ್ಯೋ ಮಾರಾಯ! ಅದರಲ್ಲಿ ಹಳೇ ಪಾರ್ಟಿಶನ್ ಟೇಬಲ್ಲೂ ಇದೆ. ಲಿನಕ್ಸ್ ಇರೋ ಜಾಗವೇ ಕಾಣದ ಹಾಗೆ ಆಗಬಹುದಿತ್ತು." ಬೂಟ್ ಕೋಡ್ ಮಾತ್ರ ಬೇಕಿದ್ದರೆ ಮೊದಲ 446 ಬೈಟ್ ಸಾಕು. ಎಕ್ಸ್‌ಪಿ ಸಿಡಿಯ ಫಿಕ್ಸ್‌ಎಂಬಿಆರ್ ಕಮಾಂಡ್ ಮಾಡುವುದೂ ಹೆಚ್ಚುಕಮ್ಮಿ ಅಷ್ಟೇ. ಕೋಡ್ ಬದಲಿಸುತ್ತದೆ, ಎಕ್ಸ್‌ಪಿ ಏಳುತ್ತದೆ, ಗ್ರಬ್ ಹೋಗುತ್ತದೆ.

ವಿಂಡೋಸ್ 7 ಕಾಲದ, ಬಯೋಸ್ ಮತ್ತು ಯುಇಎಫ್‌ಐ (ಬಯೋಸಿನ ಜಾಗಕ್ಕೆ ಬಂದ ಹೊಸದು) ಎರಡೂ ಇರುವ ಯಂತ್ರವಾಗಿದ್ದರೆ ಮೊದಲು ಬೇರೆಯೇ ನೋಡುತ್ತಿದ್ದೆ. ವಿಂಡೋಸ್ ಹಳೇ ಬಯೋಸ್ ಮೋಡಿನಲ್ಲಿದ್ದು, ಲಿನಕ್ಸ್ ಹಾಕುವಾಗ ಪೆನ್ ಡ್ರೈವ್ ಯುಇಎಫ್‌ಐ ಮೋಡಿನಲ್ಲಿ ಎದ್ದಿದ್ದರೆ ಗ್ರಬ್ ಮೆನುವಿನಿಂದ ವಿಂಡೋಸಿಗೆ ಹೋಗಲಾಗುವುದಿಲ್ಲ. ಪೆನ್ ಡ್ರೈವಿನಿಂದ ಎದ್ದ ಲಿನಕ್ಸಿನಲ್ಲಿ ಸಿಸ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿ ಇಎಫ್‌ಐ ಅಂತ ಇದೆಯಾ ನೋಡಿದರೆ ಯಾವ ಮೋಡ್ ಅಂತ ತಿಳಿಯುತ್ತದೆ.

ಡಿ ಡ್ರೈವ್ ಇದ್ದ ಜಾಗ ಈಗ ಖಾಲಿ ಬಿದ್ದಿದೆ. ಅಲ್ಲಿ ಹೊಸ ಪಾರ್ಟಿಶನ್ ಮಾಡಿದರೆ ನಂಬರ್ ಮತ್ತೆ ಜರುಗಬಹುದು, ಸದ್ಯ ಮುಟ್ಟಬೇಡ ಅಂದಿದ್ದೇನೆ. ಆ ಸ್ಕ್ಯಾನರ್ ಲಿನಕ್ಸಿನ ಸೇನ್ (ಸ್ಕ್ಯಾನರ್ ಓಡಿಸುವ ತಂತ್ರಾಂಶ) ಪಟ್ಟಿಯಲ್ಲಿ ಇದೆಯೋ ಇಲ್ಲವೋ ನಾಳೆ ನೋಡಬೇಕು. ಇದ್ದರೆ ಎಕ್ಸ್‌ಪಿಯನ್ನೇ ತೆಗೆಸುತ್ತೇನೆ.